ಹೂಂ ಅನ್ನುವ ಕಳ್ಳಿ

ಮಾರ್ಚ್ ೩, ಸೋಮವಾರ

ಇವತ್ತಿಗೆ ನಲವತ್ತು ಚೀಟಿ ಬರೆದು ಮುಗಿಸಿದೆ. ನನ್ನ ಅಕ್ಷರವನ್ನು ನಾನೇ ಹೊಗಳಿಕೊಳ್ಳಬಾರದು. ಆದರೆ ಈ ಪುಸ್ತಕ ಓದುವವನು ನಾನೊಬ್ಬನೇ ಆದ್ದರಿಂದ ಹೊಗಳಿಕೊಳ್ಳುತ್ತೇನೆ. ಏಳನೆಯ ಕ್ಲಾಸಿನಲ್ಲಿದ್ದಾಗ ನಮ್ಮೂರ ಮೇಷ್ಟ್ರು ಬೋರ್ಡಿನ ಮೇಲೆ ತಾವು ಬರೆಯುವುದನ್ನೇ ಬಿಟ್ಟು ಸೀಮೆಸುಣ್ಣ ನನ್ನ ಕೈಗೆ ಕೊಡುತ್ತಿದ್ದರು. ಎಂಟನೆಯ ಕ್ಲಾಸು ನಮ್ಮೂರಲ್ಲಿ ಇರಲಿಲ್ಲ. ಇದ್ದಿದ್ದರೆ ಇವತ್ತು ನಾನು ಎಲ್ಲಿರುತ್ತಿದ್ದೆನೋ.

ಸದ್ಯ ಇರುವುದು ಅಕ್ಕನ ಮಗಳ ಕಳ್ಳಿ ಅಂಗಡಿಯಲ್ಲಿ. ಹುಡುಗಿ ಕಳ್ಳಿಯನ್ನು ಬೀಜದಿಂದ ಬೆಳೆಸುತ್ತಾಳೆ, ಸಾಸಿವೆಯಷ್ಟು ದಪ್ಪವಾಗುವುದಕ್ಕೆ ತಿಂಗಳುಗಟ್ಟಲೆ ಕಾಯುತ್ತಾಳೆ. ಆದರೆ ಮಾರುವುದಕ್ಕೆ ಬರುವುದಿಲ್ಲ. ಗಿರಾಕಿ ಬಂದು ಇದೇನು ಅಂದರೆ ನಾಲಿಗೆ ತಿರುಗದ ಹೆಸರೊಂದನ್ನು ಹೇಳಿ, ನೀರು ಇಷ್ಟು ಬಿಸಿಲು ಅಷ್ಟು ಎಂದು ಸುಮ್ಮನಾಗುತ್ತಾಳೆ. ಜನಕ್ಕೆ ಬೇಕಾದದ್ದು ಅರ್ಥ. ಅದಕ್ಕೇ ಕುಂಡಕ್ಕೊಂದು ಚೀಟಿ ಬರೆದೆ. ಗುಂಡುಗಳ್ಳಿಗೆ "ಬಾಗಿಲ ಬಳಿ ಇಡಿ, ಕೇಡು ಒಳಗೆ ಬರದು." ಕಂಬಗಳ್ಳಿಗೆ "ತಲೆ ಎತ್ತಿ ನಡೆಯುವವರಿಗೆ." ಮೈತುಂಬ ಬಿಳಿಕೂದಲು ಹೊತ್ತದ್ದಕ್ಕೆ "ಅಜ್ಜನ ಆಶೀರ್ವಾದ." ಹಸಿರು ಕಾಲಿನ ಮೇಲೆ ಕೆಂಪು ಗುಂಡು ಕಸಿ ಮಾಡಿದ್ದೊಂದು ಬರುತ್ತದೆ. ಆ ಕೆಂಪು ತಲೆಗೆ ತಾನಾಗಿ ಬದುಕುವ ಶಕ್ತಿ ಇಲ್ಲವಂತೆ, ಕೆಳಗಿನದೇ ಉಣಿಸಬೇಕಂತೆ. ಅದಕ್ಕೆ "ಗಂಡ ಹೆಂಡತಿ" ಎಂದು ಬರೆದೆ. ತಲೆ ಯಾರು, ಕಾಲು ಯಾರು ಎಂದು ಬರೆಯಲಿಲ್ಲ. ಕೊಂಡವರು ಮನೆಗೆ ಹೋಗಿ ಜಗಳ ಆಡಿಕೊಳ್ಳಲಿ.

ಇದೆಲ್ಲ ಯಾವ ಪುಸ್ತಕದಲ್ಲಿದೆ ಮಾವ, ಅಂದಳು. ಎಲ್ಲವೂ ಪುಸ್ತಕದಲ್ಲಿ ಇರುತ್ತದೆಯೇ, ಅಂದೆ. ಅವಳಿಗೆ ಇಷ್ಟವಿಲ್ಲ. ಸಗಟು ವ್ಯಾಪಾರಿ ಕಳ್ಳಿಯ ತಲೆಗೆ ಬಣ್ಣದ ಒಣಹೂ ಅಂಟಿಸಿ ಕಳಿಸಿದರೆ ಕೂತು ಒಂದೊಂದನ್ನೂ ಬಿಡಿಸಿ ಎಸೆಯುವವಳು ಅವಳು. ಆದರೆ ಚೀಟಿ ಸಿಕ್ಕಿಸಿದ ಮೇಲೆ ಅರ್ಧ ಕಪಾಟು ಖಾಲಿಯಾಗಿದೆ, ಏನೂ ಹೇಳುವ ಹಾಗಿಲ್ಲ. ಬೀದಿಯಲ್ಲಿ ನನ್ನನ್ನು ಈಗ ಕಳ್ಳಿ ಪಂಡಿತರು ಅನ್ನುತ್ತಾರೆ.

ಸಂಜೆ ಪಕ್ಕದಂಗಡಿಯ ಟೈಲರಮ್ಮ ಬಂದರು. ಐವತ್ತು ದಾಟಿದವರು, ಒಂಟಿ. ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ. ಕುತ್ತಿಗೆಯಿಂದ ಅಳತೆ ಟೇಪು ಇಳಿಯುವುದೇ ಇಲ್ಲ, ಬೀದಿಯ ಅರ್ಧ ಜನರ ಸೊಂಟದ ಸುತ್ತಳತೆ ಅವರ ಬಾಯಲ್ಲಿದೆ. ಇವತ್ತು ಅವರ ಬಾಯಲ್ಲಿ ಮಾತಿರಲಿಲ್ಲ. ಕತ್ತು ಓರೆ ಮಾಡಿಕೊಂಡು ನಕ್ಷತ್ರಗಳ್ಳಿಯೊಂದನ್ನು ನೋಡುತ್ತ ನಿಂತರು. ಮುಳ್ಳಿಲ್ಲದ, ಎಂಟು ಏಣಿನ, ಮೈಮೇಲೆ ಬಿಳಿ ಚುಕ್ಕಿ ಚೆಲ್ಲಿದ ಕಳ್ಳಿ. ನೆತ್ತಿಯ ಮೇಲೆ ಉಣ್ಣೆ ಹೊದ್ದ ಒಂದೇ ಒಂದು ಮೊಗ್ಗು. ಇದರ ಅರ್ಥ ಏನು ಅಣ್ಣಾ, ಅಂದರು. ಚೀಟಿ ಖಾಲಿಯಾಗಿತ್ತು, ನನ್ನ ಬಾಯಿ ಖಾಲಿಯಾಗಿರಲಿಲ್ಲ.

"ಇದು ಉತ್ತರ ಹೇಳೋ ಕಳ್ಳಿ, ತಂಗಿ. ಮನಸ್ಸಲ್ಲಿ ಒಂದು ಪ್ರಶ್ನೆ ಇಟ್ಕೊಂಡು ತಗೊಂಡೋಗು. ಮೊಗ್ಗು ಅರಳಿದ್ರೆ ಹೂಂ ಅಂತ. ಅರಳದೆ ಒಣಗಿದ್ರೆ ಬೇಡ ಅಂತ."

ಎಂಥ ಪ್ರಶ್ನೆಯಾದರೂ ಆದೀತೇ ಎಂದು ಕೇಳಿದರು. ದೊಡ್ಡದಾದಷ್ಟೂ ಒಳ್ಳೆಯದು, ಸಣ್ಣಪುಟ್ಟದ್ದಕ್ಕೆಲ್ಲ ಇದು ಬಾಯಿ ಬಿಡುವುದಿಲ್ಲ ಎಂದೆ. ಎರಡು ಕೈಯಲ್ಲೂ ಹಿಡಿದು ಎತ್ತಿಕೊಂಡು ಹೋದರು. ಕಾಜಾ ಹೊಲಿಯುವವರಿಗೆ ಇನ್ನೆಂಥ ದೊಡ್ಡ ಪ್ರಶ್ನೆ ಇದ್ದೀತು ಎಂದು ನನಗೆ ನಗು.

ಮಾರ್ಚ್ ೬, ಗುರುವಾರ

ನಗುವ ವಿಷಯವಾಗಿರಲಿಲ್ಲ.

ಟೈಲರಮ್ಮನ ಬಲಗಣ್ಣಿನೊಳಗಿನ ಪರದೆ ಬಿಟ್ಟುಕೊಂಡಿದೆ. ಎಡಗಣ್ಣು ಚಿಕ್ಕಂದಿನಿಂದಲೂ ಅಷ್ಟಕ್ಕಷ್ಟೇ. ಇಷ್ಟು ವರ್ಷ ಹೊಲಿದದ್ದೆಲ್ಲ ಬಲಗಣ್ಣಿನಲ್ಲಿ. ಸೋಮವಾರ ಬೆಳಿಗ್ಗೆ ಕಣ್ಣಿನ ಡಾಕ್ಟರಮ್ಮ ನೋಡಿ, ತಡಮಾಡಬೇಡಿ, ಗುರುವಾರ ಆಪರೇಷನ್ ಎಂದಿದ್ದರಂತೆ. ಆ ಸಂಜೆಯೇ ಇವರು ನಮ್ಮ ಅಂಗಡಿಗೆ ಬಂದದ್ದು. ಇವತ್ತು ಗುರುವಾರ. ಇವರು ಆಸ್ಪತ್ರೆಗೆ ಹೋಗಲಿಲ್ಲ, ಮೆಷಿನ್ನಿನ ಮುಂದೆ ಕೂತಿದ್ದರು.

ಇದನ್ನೆಲ್ಲ ಹೇಳಿದವಳು ಅಕ್ಕನ ಮಗಳು. ಹೊಲಿಯುವುದಕ್ಕೆ ಕೊಟ್ಟ ಬಟ್ಟೆ ತರಲು ಹೋಗಿದ್ದಾಗ ಟೈಲರಮ್ಮನೇ ಹೇಳಿದರಂತೆ, ಮೊಗ್ಗು ಅರಳಲಿ ಅಂತ ಕಾಯ್ತಿದೀನಿ ಅಂತ. ಅವರ ಅಕ್ಕ ಹದಿನೈದು ವರ್ಷದ ಹಿಂದೆ ಕಣ್ಣಿನ ಆಪರೇಷನ್ನಿಗೆ ನಡೆದುಕೊಂಡು ಹೋಗಿ, ಕೈ ಹಿಡಿಸಿಕೊಂಡು ಬಂದರಂತೆ. ಆ ಕಣ್ಣು ಮತ್ತೆ ಬರಲೇ ಇಲ್ಲವಂತೆ.

"ಮಾವ, ಈಗಲೇ ಹೋಗಿ ಹೇಳು. ಅದೆಲ್ಲ ನಾನು ಕಟ್ಟಿದ್ದು ಅಂತ ಹೇಳು."

ಹೇಳುತ್ತೇನೆ ಎಂದೆ. ಅಂಗಡಿ ಬಾಗಿಲವರೆಗೆ ಹೋದೆ. ಎದುರಿನ ಬೀಗದಂಗಡಿಯವನು, ಪಂಡಿತರೇ, ನಮ್ಮ ಮನೆಗೊಂದು ಅದೃಷ್ಟದ್ದು ನೋಡಿಡಿ ಎಂದು ಕೂಗಿದ. ನೋಡಿಡುತ್ತೇನೆ ಎಂದು ವಾಪಸು ಬಂದೆ. ಇವತ್ತು ಜನ ಜಾಸ್ತಿ, ನಾಳೆ ಹೇಳಿದರಾಯಿತು.

ಮಾರ್ಚ್ ೭, ಶುಕ್ರವಾರ

ಹೋಗಿದ್ದೆ. ಹೇಳಲಿಲ್ಲ.

ಟೈಲರಮ್ಮ ಗೋಡೆಯ ಮೇಲೆ ಅಳತೆ ಟೇಪು ನೇತುಹಾಕಿದ್ದಾರೆ. ದಿನಾ ಬೆಳಿಗ್ಗೆ ನೆಲದ ಒಂದೇ ಕಲ್ಲಿನ ಮೇಲೆ ನಿಂತು, ಎಡಗಣ್ಣು ಮುಚ್ಚಿಕೊಂಡು, ನಡುವಿನ ಮೂವತ್ತನೆಯ ಇಂಚನ್ನು ದಿಟ್ಟಿಸಿ ನೋಡುತ್ತಾರೆ. ಮೇಲಿನಿಂದ ಕಪ್ಪು ನೆರಳೊಂದು ಇಳಿಯುತ್ತಿದೆಯಂತೆ. ಸೋಮವಾರ ಹನ್ನೊಂದನೆಯ ಇಂಚಿನ ತನಕ ಮರೆಯಾಗಿತ್ತು. ಇವತ್ತು ಹದಿನೇಳು. ಮೂವತ್ತು ಮುಟ್ಟಿದರೆ ಕಣ್ಣಿನ ನಡು. ಆಮೇಲೆ ಆಪರೇಷನ್ ಮಾಡಿದರೂ ಸೂಜಿಯ ತೂತು ಕಾಣುವ ನೋಟ ಬರುವುದು ಕಷ್ಟ ಅಂತ ಡಾಕ್ಟರಮ್ಮ ಹೇಳಿದ್ದಾರೆ. ಇಷ್ಟನ್ನೂ ಟೈಲರಮ್ಮ ತೋಳಿನ ಉದ್ದ ಹೇಳುವ ದನಿಯಲ್ಲೇ ಹೇಳಿದರು.

ಬಾಯಿ ತೆರೆದೆ. ಆಗ ಅವರು, ನೀವು ಹೇಳಿದ್ದಕ್ಕೇ ಅಣ್ಣಾ ನನಗೆ ಸ್ವಲ್ಪ ಧೈರ್ಯ, ಇಲ್ಲದಿದ್ದರೆ ಹುಚ್ಚು ಹಿಡಿಯುತ್ತಿತ್ತು ಅಂದರು. ಬಾಯಿ ಮುಚ್ಚಿದೆ.

ಆದರೆ ಉಪಾಯವಿಲ್ಲದ ಮನುಷ್ಯ ನಾನಲ್ಲ. ಮೊಗ್ಗು ಅರಳಿದರೆ ಇವರು ಹೋಗುತ್ತಾರೆ, ಅಷ್ಟೇ ತಾನೇ? ಅರಳಿಸಿದರಾಯಿತು. ಅವರು ಟೀ ಮಾಡಲು ಒಳಗೆ ಹೋದಾಗ ಕುಂಡವನ್ನು ಕಿಟಕಿಯ ನೆರಳಿನಿಂದ ಎತ್ತಿ ಹಿತ್ತಿಲ ಕಟ್ಟೆಯ ಬಿಸಿಲಿಗೆ ಇಟ್ಟೆ, ಮೊಗ್ಗು ಸೂರ್ಯನಿಗೆ ಎದುರಾಗುವ ಹಾಗೆ ತಿರುಗಿಸಿದೆ, ಸಕ್ಕರೆ ಕರಗಿಸಿದ ನೀರು ಒಂದು ಲೋಟ ಹಾಕಿದೆ. ಟೀ ತಂದವರಿಗೆ, ಎರಡು ದಿನ ಅದನ್ನು ನೋಡಬೇಡ, ಕಣ್ಣು ತಾಗಿದರೆ ಅರಳುವುದಿಲ್ಲ ಎಂದೆ. ಇಷ್ಟು ಉಪಚಾರ ಮಾಡಿದರೆ ಕಲ್ಲು ಕೂಡ ಅರಳಬೇಕು. ಎರಡು ದಿನದಲ್ಲಿ ಹಳದಿ ಹೂ ಖಂಡಿತ. ಆಮೇಲೆ ಟೈಲರಮ್ಮನ ಕಣ್ಣು ಉಳಿಸಿದವನು ಯಾರು ಅಂತ ಬೀದಿಯೇ ಹೇಳುತ್ತದೆ.

ಮಾರ್ಚ್ ೮, ಶನಿವಾರ

ಅಕ್ಕನ ಮಗಳು ಮಾತಾಡುತ್ತಿಲ್ಲ. ತಟ್ಟೆ ಇಡುತ್ತಾಳೆ, ಕುಕ್ಕುತ್ತಾಳೆ.

ತಾನೇ ಹೋಗಿ ಟೈಲರಮ್ಮನಿಗೆ ಹೇಳಿದಳಂತೆ, ಮಾವ ಸುಮ್ಮನೆ ಹೇಳಿದ್ದು ಅಂತ. ಅವರು ನಕ್ಕು, ನಿನಗೆ ನಿನ್ನ ಮಾವನ ವಿದ್ಯೆ ಮೇಲೆ ನಂಬಿಕೆ ಇಲ್ಲ ಅಂದರಂತೆ. ಹೀಗೆ ನನ್ನನ್ನು ನಂಬಿದವರು ಇಷ್ಟು ವರ್ಷದಲ್ಲಿ ಯಾರೂ ಇಲ್ಲ. ಹೆಮ್ಮೆಪಡಬೇಕಾದ ಮಾತು. ಊಟ ಸೇರಲಿಲ್ಲ.

ಆಸ್ಪತ್ರೆಗೆ ಫೋನ್ ಮಾಡಿದಳು. ಮಂಗಳವಾರ ಬೆಳಿಗ್ಗೆ ಒಂದು ಜಾಗ ಇದೆ, ಅದು ಬಿಟ್ಟರೆ ಮುಂದಿನ ವಾರ.

ಇವತ್ತು ಟೇಪಿನಲ್ಲಿ ಹತ್ತೊಂಬತ್ತು.

ಮಾರ್ಚ್ ೯, ಭಾನುವಾರ

ಮೊಗ್ಗು ಒಣಗಿದೆ.

ಬೆಳಿಗ್ಗೆ ನೋಡಿದಾಗ ಉಣ್ಣೆಯೊಳಗೆ ಕಂದು ಬಣ್ಣದ ಏನೋ ಒಂದು. ಬೆರಳಿನಿಂದ ಮುಟ್ಟಿದೆ, ಕೈಗೇ ಬಂತು. ಅಕ್ಕನ ಮಗಳನ್ನು, ಯಾರದೋ ವಿಷಯ ಎಂಬಂತೆ ಕೇಳಿದೆ. ಮೊಗ್ಗು ಹಿಡಿದ ಕಳ್ಳಿಯನ್ನು ಜಾಗ ಬದಲಿಸಬಾರದು, ದಿಕ್ಕು ತಿರುಗಿಸಬಾರದು, ಬೆಳಕು ಬದಲಾದರೆ ಮೊಗ್ಗು ಬಿಟ್ಟುಬಿಡುತ್ತದೆ ಅಂದಳು. ಯಾಕೆ ಮಾವ, ಅಂದಳು. ಏನಿಲ್ಲ ಅಂದೆ. ಸುಮ್ಮನೆ ಬಿಟ್ಟಿದ್ದರೆ ಇವತ್ತು ನಾಳೆ ತಾನಾಗಿಯೇ ಅರಳುತ್ತಿತ್ತು.

ಟೈಲರಮ್ಮ ಇನ್ನೂ ನೋಡಿರಲಿಲ್ಲ. ಆ ಕಣ್ಣಿಗೆ ಬಿಸಿಲು ತಡೆಯುವುದಿಲ್ಲ ಎಂದು ಮಧ್ಯಾಹ್ನ ಹೊತ್ತು ಕೋಣೆ ಕತ್ತಲೆ ಮಾಡಿಕೊಂಡು ಮಲಗುತ್ತಾರೆ. ಹಿತ್ತಿಲ ಬಾಗಿಲು ತೆರೆದೇ ಇತ್ತು. ನಮ್ಮ ಅಂಗಡಿಯ ಇನ್ನೊಂದು ನಕ್ಷತ್ರಗಳ್ಳಿಯಲ್ಲಿ ಹೂ ಬಿಟ್ಟಿತ್ತು. ಹಳದಿ, ನಡುವೆ ಕೆಂಪು. ಅದನ್ನು ಬುಡದಿಂದ ಕೊಯ್ದೆ. ಮುರಿದ ಕುಂಡ ಕೂಡಿಸುವ ಅಂಟು ಅಂಗಡಿಯಲ್ಲೇ ಇತ್ತು. ಹೂವಿನ ಕೆಳಗೆ ಒಂದು ತೊಟ್ಟು ಹಚ್ಚಿ, ಉಣ್ಣೆಯೊಳಗೆ ಕೂರಿಸಿ, ಇಪ್ಪತ್ತು ಎಣಿಸುವ ತನಕ ಅದುಮಿ ಹಿಡಿದೆ. ಕುಂಡವನ್ನು ಕಿಟಕಿಯಲ್ಲಿ ಮೊದಲಿದ್ದಲ್ಲೇ ಇಟ್ಟೆ.

ಕೆಲಸವೇನೋ ಅಚ್ಚುಕಟ್ಟಾಗಿದೆ. ಯಾರೂ ಕಂಡುಹಿಡಿಯಲಾರರು.

ಟೇಪಿನಲ್ಲಿ ಇವತ್ತು ಇಪ್ಪತ್ತೆರಡು.

ಮಾರ್ಚ್ ೧೦, ಸೋಮವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಟೈಲರಮ್ಮ ಕುಂಡ ಹಿಡಿದುಕೊಂಡು ಬಂದರು. ಮುಖ ಅರಳಿತ್ತು. "ಹೂಂ ಅಂತು ಅಣ್ಣಾ." ಚೀಲಕ್ಕೆ ಬಟ್ಟೆ ತುಂಬಿಯಾಗಿದೆ, ನಾಳೆಯ ಜಾಗ ಬೇಕು ಅಂತ ಆಸ್ಪತ್ರೆಗೆ ಹೇಳು ಎಂದು ಅಕ್ಕನ ಮಗಳಿಗೆ ಹೇಳಿದರು. ಅವಳು ಹೂವನ್ನು ನೋಡಿದಳು, ನಮ್ಮ ಕಪಾಟಿನಲ್ಲಿ ಹೂವಿಲ್ಲದ ಗಿಡವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಫೋನು ಕೈಗೆತ್ತಿಕೊಂಡಳು. ನಂಬರು ಒತ್ತಿದ ಸದ್ದು ನನಗೆ ಕೇಳುತ್ತಿತ್ತು. ಇನ್ನು ಒಂದು ನಿಮಿಷ ಕಳೆದರೆ ಎಲ್ಲ ಸರಿಹೋಗುತ್ತಿತ್ತು.

ಟೈಲರಮ್ಮನಿಗೆ ಯಾವ ಬಟ್ಟೆ ಕಂಡರೂ ಅಂಚು ಮಡಿಚಿ ಸವರಿ ನೋಡುವ ಅಭ್ಯಾಸ. ಹೂವಿನ ಎಸಳನ್ನೂ ಹಾಗೇ ಸವರಿದರು. ಬೆರಳು ಕೆಳಗಿಳಿಯಿತು, ನಿಂತಿತು. ಹೂ ಅವರ ಬೆರಳಿನ ಜೊತೆಯಲ್ಲೇ ಮೇಲೆದ್ದು ಬಂತು. ಬುಡದಲ್ಲಿ ಗಟ್ಟಿಯಾದ ಅಂಟು, ಗಾಜಿನ ಮಣಿಯ ಹಾಗೆ.

ಫೋನಿನಲ್ಲಿ ಆಸ್ಪತ್ರೆಯವರು ಹಲೋ ಹಲೋ ಅನ್ನುತ್ತಿದ್ದರು. ಅಕ್ಕನ ಮಗಳು, ಸ್ವಲ್ಪ ಇರಿ, ಆಮೇಲೆ ಮಾಡ್ತೀನಿ ಎಂದು ಇಟ್ಟಳು.

"ನೀವು ಅಂಟಿಸಿದ್ರಾ?"

"ಹೌದು."

"ಮೊಗ್ಗು?"

"ಒಣಗಿಹೋಗಿತ್ತು."

ಅವರು ಚೀಲ ಕೆಳಗಿಟ್ಟರು. "ಅಂದ್ರೆ ಬೇಡ ಅಂತ ಹೇಳಿದೆ. ನೀವು ಮುಚ್ಚಿಟ್ರಿ."

ಆಗ ಹೇಳಿದೆ. ಮೊಗ್ಗು ಒಣಗಿದ್ದು ನಾನು ತಿರುಗಿಸಿ ಬಿಸಿಲಿಗಿಟ್ಟದ್ದರಿಂದ, ಕಳ್ಳಿಗೆ ಏನೂ ಗೊತ್ತಿಲ್ಲ, ಹೂಂ ಇಲ್ಲ, ಬೇಡ ಇಲ್ಲ, ಅಷ್ಟನ್ನೂ ನಿಂತ ನಿಲುವಿನಲ್ಲಿ ನಾನೇ ಕಟ್ಟಿದ್ದು ಎಂದೆ. ಅವರು ನಂಬಲಿಲ್ಲ. ಇಷ್ಟು ದಿನ ಸುಳ್ಳಿಗೆ ತಲೆದೂಗಿದ ಜನ ನಿಜಕ್ಕೆ ತಲೆ ಆಡಿಸಲಿಲ್ಲ.

"ಇವಳು ಹೇಳಿಕೊಟ್ಟಿದ್ದಾಳೆ ನಿಮಗೆ. ಹೇಗಾದ್ರೂ ಮಾಡಿ ನನ್ನನ್ನ ಆಸ್ಪತ್ರೆಗೆ ಕಳಿಸಬೇಕು ಅಂತ ಈಗ ಸುಳ್ಳು ಹೇಳ್ತಿದೀರಿ. ಒಣಗಿದ್ದು ಒಣಗಿದ್ದೇ."

ಹೋಗಿ ಮೆಷಿನ್ನಿನ ಮುಂದೆ ಕೂತರು. ನಾನು ಬಾಗಿಲಲ್ಲಿ ನಿಂತೆ. ಗೋಡೆಯ ಟೇಪು ಎಷ್ಟು ಎಂದು ಕೇಳಿದೆ. ಇಪ್ಪತ್ತಾರು ಅಂದರು, ತಿರುಗಿ ನೋಡದೆ. ಒಂದೇ ರಾತ್ರಿಗೆ ನಾಲ್ಕು ಇಂಚು.

ಅಂಗಡಿಗೆ ಬಂದು ಕುಂಡಗಳಿಂದ ಚೀಟಿಗಳನ್ನೆಲ್ಲ ಕಿತ್ತು ಹಲಗೆಯ ಮೇಲೆ ಹಾಕಿಕೊಂಡು ಟೈಲರಮ್ಮನ ಬಾಗಿಲಿಗೆ ತಂದೆ. ಬಟ್ಟೆಗೆ ಕಾದಿದ್ದ ಇಬ್ಬರು ಹೆಂಗಸರಿದ್ದರು. ಬೀಗದವನನ್ನೂ ಕರೆದೆ. ಎಲ್ಲರ ಮುಂದೆ ಒಂದೊಂದೇ ಚೀಟಿ ಎತ್ತಿ ಓದಿದೆ, ಅದನ್ನು ಹೇಗೆ ಕಟ್ಟಿದೆ ಅಂತಲೂ ಹೇಳಿದೆ. ಅಜ್ಜನ ಆಶೀರ್ವಾದ: ನಮ್ಮಜ್ಜ ಜೀವಮಾನದಲ್ಲಿ ಯಾರನ್ನೂ ಆಶೀರ್ವದಿಸಿದವನಲ್ಲ, ಬೈದದ್ದೇ. ಕೇಡು ಒಳಗೆ ಬರದು: ಆ ಗುಂಡುಗಳ್ಳಿ ಯಾರಿಗೂ ಬೇಡವಾಗಿ ಎರಡು ವರ್ಷದಿಂದ ಬಾಗಿಲ ಬಳಿ ಬಿದ್ದಿತ್ತು, ಅದಕ್ಕೆ ಹಾಗೆ ಬರೆದೆ. ಸಿರಿಸಂಪತ್ತು: ಕುಂಡದ ಬಣ್ಣ ಹಳದಿ ಇತ್ತು. ಬೀಗದವನು ಮೊದಲು ನಕ್ಕ. ಆಮೇಲೆ, ನಮ್ಮ ತಂಗಿ ಮದುವೆಗೆ ಗಂಡ ಹೆಂಡತಿ ಕಳ್ಳಿ ಕೊಟ್ಟಿದ್ದೇನಲ್ಲ ಮಾರಾಯರೇ, ಅಂದ. ಅದೂ ಸುಳ್ಳೇ ಎಂದೆ. ಕಾದಿದ್ದ ಹೆಂಗಸರಲ್ಲೊಬ್ಬರು ಮಗಳ ಪರೀಕ್ಷೆಗೆ ಅಂತ ಒಯ್ದಿದ್ದವರು. ಅವರು ನನ್ನ ಮುಖ ನೋಡದೆ ಎದ್ದು ಹೋದರು. ಮಾರಾಟವಾಗದೆ ಉಳಿದಿದ್ದ ಅಷ್ಟನ್ನೂ ಓದಿದೆ. ಕೊನೆಕೊನೆಗೆ ಯಾರೂ ನಗುತ್ತಿರಲಿಲ್ಲ. ಬಾಯಿ ಒಣಗಿತ್ತು.

ಹದಿನೈದನೆಯ ಚೀಟಿಯ ಹೊತ್ತಿಗೇ ಮೆಷಿನ್ ನಿಂತಿತ್ತು.

"ಅಕ್ಕನಿಗೂ ಏನೂ ಆಗಲ್ಲ ಅಂತಲೇ ಹೇಳಿದ್ವಿ ಅಣ್ಣಾ," ಅಂದರು ಟೈಲರಮ್ಮ. "ಎಲ್ರೂ ಹೇಳಿದ್ವಿ. ಎಲ್ಲರಿಗಿಂತ ಜೋರಾಗಿ ನಾನು ಹೇಳಿದ್ದೆ. ನಾನೇ ಒತ್ತಾಯ ಮಾಡಿ ಕಳಿಸಿದ್ದು." ಆಮೇಲೆ, "ನನ್ನ ಕಣ್ಣು ಉಳಿಯುತ್ತಾ?" ಅಂದರು.

ಖಂಡಿತ ಉಳಿಯುತ್ತದೆ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಗೊತ್ತಿಲ್ಲ ತಂಗಿ. ನಂಗೆ ಗೊತ್ತಿಲ್ಲ. ಹೋಗದಿದ್ರೆ ಏನಾಗುತ್ತೆ ಅನ್ನೋದು ಮಾತ್ರ ಆ ಗೋಡೆ ಮೇಲಿದೆ."

ಅವರು ಗೋಡೆಯ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಬಟ್ಟೆಯ ದಾರ ಕಡಿದರು, ಗಂಟು ಹಾಕಿದರು, ಬಟ್ಟೆ ಮಡಿಸಿದರು. ಗೊತ್ತಿಲ್ಲ ಅಂದವರು ನೀವೊಬ್ಬರೇ, ಅಂದರು. ಆಮೇಲೆ, ನನ್ನ ಹಿಂದೆಯೇ ಬಂದು ನಿಂತಿದ್ದ ಅಕ್ಕನ ಮಗಳಿಗೆ, ಇಸ್ತ್ರಿಪೆಟ್ಟಿಗೆ ಆರಿಸು, ಫೋನ್ ಮಾಡು ಅಂದರು.

ಬೆಳಗಿನ ಆ ಜಾಗ ಇನ್ನೂ ಖಾಲಿ ಇತ್ತು. ಫೋನಿಟ್ಟ ಮೇಲೆ ಅಕ್ಕನ ಮಗಳು ಒಂದು ಲೋಟ ನೀರು ತಂದು ನನ್ನ ಪಕ್ಕದಲ್ಲಿಟ್ಟಳು. ಕುಕ್ಕಲಿಲ್ಲ.

ಮಾರ್ಚ್ ೧೧, ಮಂಗಳವಾರ

ಏಳೂವರೆಗೆ ಒಳಗೆ ಕರೆದುಕೊಂಡು ಹೋದರು. ಜೊತೆಗೆ ಯಾರು ಎಂದು ನರ್ಸು ಕೇಳಿದರು. ಅಣ್ಣ ಎಂದು ಟೈಲರಮ್ಮನೇ ಹೇಳಿದರು. ಮುಖದಲ್ಲಿ ನಗು ಇರಲಿಲ್ಲ, ನನ್ನ ಮೇಲಿನ ಸಿಟ್ಟು ಹೋಗಿಲ್ಲ. ಡಾಕ್ಟರಮ್ಮ ದೀಪ ಹಾಕಿ ನೋಡಿ, ಇಷ್ಟು ದಿನ ಯಾಕೆ ಬಿಟ್ರಿ, ನಡು ಮುಟ್ಟೋದಕ್ಕೆ ಕೂದಲೆಳೆ ಬಾಕಿ ಅಂದರು. ನಾನು, ನನ್ನಿಂದ ಆಯ್ತು ಅಂದೆ. ಡಾಕ್ಟರಮ್ಮ ಕೇಳಿಸಿಕೊಂಡರೋ ಇಲ್ಲವೋ.

ಕಬ್ಬಿಣದ ಬೆಂಚು. ಎದುರಿಗೆ ಗಡಿಯಾರ. ಅಕ್ಕನ ಮಗಳು ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು, ಚಿಕ್ಕವಳಿದ್ದಾಗ ನಾನು ಅವಳ ಕೈ ಇಟ್ಟುಕೊಳ್ಳುತ್ತಿದ್ದ ಹಾಗೆ. ಪಕ್ಕದಲ್ಲಿ ಕೂತಿದ್ದ ಗಂಡಸು ತನ್ನ ತಾಯಿಗೂ ಕಣ್ಣಿನ ತೊಂದರೆ, ನೀವು ತಿಳಿದವರ ಹಾಗೆ ಕಾಣುತ್ತೀರಿ, ಏನು ಮಾಡಬಹುದು ಎಂದು ಕೇಳಿದ. ಡಾಕ್ಟರನ್ನು ಕೇಳಿ ಎಂದೆ.

ಒಂಬತ್ತು ನಲವತ್ತಕ್ಕೆ ಬಾಗಿಲು ತೆರೆಯಿತು. ಪರದೆ ಕೂರಿಸಿದ್ದೇವೆ, ಹಿಡಿಯುತ್ತದೋ ಇಲ್ಲವೋ ಕಾಯಬೇಕು ಅಂದರು.

ಮಾರ್ಚ್ ೧೩, ಗುರುವಾರ

ಕಣ್ಣಿನೊಳಗೆ ಗಾಳಿಯ ಗುಳ್ಳೆ ತುಂಬಿದ್ದಾರೆ. ಅದು ಒಳಗಿನಿಂದ ಪರದೆಯನ್ನು ಒತ್ತಿ ಹಿಡಿದಿರಬೇಕಂತೆ. ಅದಕ್ಕೆ ಟೈಲರಮ್ಮ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಯೇ ಇರಬೇಕು. ಕೂತರೂ ಹಾಗೇ, ಮಲಗಿದರೂ ಹಾಗೇ. ಊಟ ಅಕ್ಕನ ಮಗಳು ಮಾಡಿಸುತ್ತಾಳೆ. ಮಧ್ಯಾಹ್ನ ನನ್ನ ಸರದಿ. ನಾನು ನೆಲದ ಮೇಲೆ ಕೂರುತ್ತೇನೆ, ಅವರ ಮುಖ ಇರುವುದು ಅಲ್ಲೇ ಆದ್ದರಿಂದ.

ಇಡೀ ಮಧ್ಯಾಹ್ನ ಒಂದೂ ಮಾತಾಡಲಿಲ್ಲ. ಹೊರಡುವಾಗ, ನಾಳೆನೂ ಬರ್ತೀರಾ ಅಂದರು. ಬರುತ್ತೇನೆ ಅಂದೆ.

ಅಂಗಡಿಯಲ್ಲಿ ಈಗ ಹೊಸ ಚೀಟಿಗಳಿವೆ. ಅಕ್ಕನ ಮಗಳು ಹೇಳಿದ್ದನ್ನು ನಾನು ಬರೆದದ್ದು. ನೀರು ಎಷ್ಟು, ಬಿಸಿಲು ಎಷ್ಟು.

ಮಾರ್ಚ್ ೧೭, ಸೋಮವಾರ

ಪಟ್ಟಿ ಬಿಚ್ಚಿ ಬೆರಳು ಎಣಿಸಲು ಹೇಳಿದರು. ಬೆಳಕು ಗೊತ್ತಾಗುತ್ತದೆ, ಕೈ ಆಡಿಸಿದ್ದು ಗೊತ್ತಾಗುತ್ತದೆ, ಬೆರಳು ಗೊತ್ತಾಗುವುದಿಲ್ಲ. ಗುಳ್ಳೆ ಇರುವ ತನಕ ಹೀಗೇ, ಅದು ಕರಗಿದ ಹಾಗೆ ತಿಳಿಯುತ್ತದೆ ಅಂದರು ಡಾಕ್ಟರಮ್ಮ. ಟೈಲರಮ್ಮ ಮನೆಗೆ ಬಂದು ದಿಂಬಿಗೆ ಹಣೆ ಹಚ್ಚಿದ ಮೇಲೆ, ನಿಮಗೇನನ್ನಿಸುತ್ತೆ ಅಣ್ಣಾ, ಅಂದರು. ನನಗೂ ನಿನ್ನಷ್ಟೇ ಭಯ ಎಂದೆ.

ಮಾರ್ಚ್ ೨೬, ಬುಧವಾರ

ಈಗ ತಲೆ ಎತ್ತಬಹುದು ಎಂದಿದ್ದಾರೆ. ಮಧ್ಯಾಹ್ನ ಹೋದಾಗ ಟೈಲರಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಎಡಗಣ್ಣಿನ ಮೇಲೆ ಅಂಗೈ. ಬಾಗಿಲಲ್ಲೇ ನಿಲ್ಲಿ ಅಂದರು. ನಿಂತೆ.

ಲೋಟದಲ್ಲಿ ನೀರು ತುಂಬಿದ ಹಾಗೆ ಕಾಣುತ್ತಿದೆಯಂತೆ. ಕೆಳಗೆಲ್ಲ ಗುಳ್ಳೆ, ಕಲಕಿದ ನೀರಿನ ಹಾಗೆ ಅಲ್ಲಾಡುತ್ತದೆ. ಅದರ ಮೇಲೊಂದು ಗೆರೆ. ಗೆರೆಯಿಂದ ಮೇಲೆ ಸ್ವಚ್ಛ. ಬಾಗಿಲ ಚೌಕಟ್ಟಿನಲ್ಲಿ ಎರಡು ಮೊಳೆ ಇದೆ ಅಂದರು. ನೋಡಿದೆ, ಎರಡೇ. ಒಂದು ಮೊಳೆಗೆ ದಾರ ಸುತ್ತಿದೆ, ನೀಲಿ ದಾರ ಅಂದರು. ಹತ್ತಿರ ಹೋಗಿ ನೋಡಿದರೆ ನನಗೇ ಕಷ್ಟಪಟ್ಟು ಕಂಡಿತು. ನೀಲಿಯೇ.

ನಾನು ಹಾಗೇ ಅತ್ತ ತಿರುಗಿ ನಿಂತೆ.

"ಇತ್ತ ತಿರುಗಿ ಅಣ್ಣಾ. ನಿಮ್ಮ ತಲೆ ಕಾಣ್ತಿದೆ. ಬಣ್ಣ ಹಚ್ಚಿದ್ದು ಒಂದು ಕಡೆ ಹಿಡಿದಿಲ್ಲ."

ತಿರುಗಿದೆ. ಹಣೆ ಕಾಣುತ್ತದೆ ಅಂದರು. ಕಣ್ಣು ಕಾಣುತ್ತದೆ, ಕೆಂಪಾಗಿದೆ ಅಂದರು. ಮೂಗಿನ ತನಕ ಕಾಣುತ್ತದೆ.

"ಬಾಯಿ ಇನ್ನೂ ನೀರೊಳಗಿದೆ," ಅಂದರು. "ಅದೊಂದು ಇನ್ನಷ್ಟು ದಿನ ಅಲ್ಲೇ ಇರಲಿ."

ಅಕ್ಕನ ಮಗಳು ಒಳಗಿನಿಂದ ನಕ್ಕದ್ದು ಕೇಳಿಸಿತು. ಆಮೇಲೆ ಟೈಲರಮ್ಮನೂ ನಕ್ಕರು, ಆಪರೇಷನ್ ಆದಮೇಲೆ ಮೊದಲ ಸಲ. ನಕ್ಕರೆ ಗೆರೆ ಅಲ್ಲಾಡುತ್ತದೆ ಎಂದು ಕೈ ಅಡ್ಡ ಹಿಡಿದರು.

ಗೆರೆ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತದಂತೆ. ನಾಳೆ ಬೆಳಿಗ್ಗೆ ಗಡ್ಡ ಬೋಳಿಸಿಕೊಂಡು ಹೋಗಬೇಕು.